ಎಣ್ಣೆಯ ಒತ್ತಡಕ್ಕೆ ಹೊರಳುವ ಅಲಗು

1940ರ ಡಿಸೆಂಬರ್‌ನಲ್ಲಿ, ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಬೆಂಬಲದಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದರು. ಯುದ್ಧಕಾಲದಲ್ಲಿ ಅಲ್ಲಿಗೆ ದುರಸ್ತಿಗೆ ಬಂದ ಡಕೋಟ, ಕ್ಯಾಟಲೈನಾ ವಿಮಾನಗಳಿಗೆ ಇದ್ದದ್ದು ಸ್ಥಿರವೇಗದ ಪ್ರೊಪೆಲ್ಲರ್.

ಇದರಲ್ಲಿ ಎಂಜಿನ್ ಸುತ್ತು ಏರುಪೇರಾಗದಂತೆ ಗವರ್ನರ್ ಎಂಬ ಭಾಗ ಎಣ್ಣೆಯ ಒತ್ತಡ ಹೊಂದಿಸುತ್ತದೆ, ಅಲಗುಗಳ ಕೋನ ತಾನೇ ಬದಲಾಗುತ್ತದೆ. ನಿಜಕ್ಕೂ ಬೆರಗಿನ ಏರ್ಪಾಡು!

ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್ ರೂಪಿಸಿದ ಎರಡು ಸೀಟಿನ ಹಂಸ-3 ವಿಮಾನಕ್ಕೂ ಇಂಥದ್ದೇ ಪ್ರೊಪೆಲ್ಲರ್.

ಈ ಪ್ರೊಪೆಲ್ಲರ್ ಆರೈಕೆ ಶುರುವಾಗುವುದು ಕಣ್ಣು, ಬೆರಳುಗಳಿಂದ. ಲೋಹದ ಅಲಗಿನ ಅಂಚಿಗೆ ಕಲ್ಲು ತಾಗಿ ಆದ ಸಣ್ಣ ಕಚ್ಚೂ ಬಿರುಕಾಗಬಲ್ಲದು. ಮೆಕ್ಯಾನಿಕ್ ಅದನ್ನು ಅರದಿಂದ ಉಜ್ಜಿ ನಯಗೊಳಿಸುತ್ತಾನೆ. ಬುಡದಲ್ಲಿ ಎಣ್ಣೆ, ಗ್ರೀಸ್ ಜಿನುಗಿದೆಯೇ ಎಂದೂ ನೋಡುತ್ತಾನೆ. ಹಾರಾಟದ ಗಂಟೆಗಳಷ್ಟೇ ಅಲ್ಲ, ವರ್ಷಗಳ ಗಡುವೂ ಉಂಟು: ವಿಮಾನ ಹಾರದೆ ನಿಂತಿದ್ದರೂ ಪ್ರೊಪೆಲ್ಲರ್ ಬಿಚ್ಚಿ ಪರೀಕ್ಷಿಸಲೇಬೇಕು.