ನಡುವಿನ ಹೆಸರು ಯಾರದು?

ಅಕ್ಕಲಕೋಟ ಸೀಮೆಯ ನಮ್ಮ ಹಳ್ಳಿಗಳಲ್ಲಿ ಯಾರದೇ ರೇಶನ್ ಕಾರ್ಡು ನೋಡ್ರಿ, ಹೆಸರಿಗೆ ಮೂರು ತುಂಡು. ಮೊದಲು ತನ್ನದು, ನಡುವೆ ಅಪ್ಪನದು, ಕೊನೆಗೆ ಮನೆತನದ ಅಡ್ಡಹೆಸರು.

ಇದು ಮರಾಠಿಯವರಿಂದ ಬಂದ ಪದ್ಧತಿ ಅಂತ ಕೆಲವರು ಅಂತಾರ. ಆದರೆ ಧಾರವಾಡ, ಬೆಳಗಾವಿ, ವಿಜಾಪುರದ ಕನ್ನಡಿಗರೂ ಹಿಂಗೇ ಬರೆಯುತ್ತಾರೆ. 1956ರ ತನಕ ಅವೂ ಮುಂಬಯಿ ಆಡಳಿತದಲ್ಲೇ ಇದ್ದವು. ವಿ.ಕೃ. ಗೋಕಾಕ ಅಂದರೆ ವಿನಾಯಕ ಕೃಷ್ಣ ಗೋಕಾಕ. ಹಳೆಯ ಮೈಸೂರಿನ ಕಡೆ ತನ್ನ ಹೆಸರು ಕೊನೆಗೆ ಬರುತ್ತದೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ: ಊರು, ಅಪ್ಪ, ತಾನು. ಸಾಲು ಬೇರೆಯಾದರೂ ನಡುವಿನ ಜಾಗ ಅಪ್ಪನದೇ. ಒಂದೇ ಊರಾಗ ಹತ್ತು ಮಂದಿ ಸಿದ್ರಾಮ ಇದ್ದರೆ ‘ಯಾರ ಮಗ?’ ಅಂತ ಕೇಳಲೇಬೇಕಲ್ಲ!

ಹೆಣ್ಣುಮಕ್ಕಳ ನಡುವಿನ ಹೆಸರು ಮಾತ್ರ ಒಂದೇ ಆಗಿ ನಿಲ್ಲೋದಿಲ್ಲ. ಲಗ್ನದ ತನಕ ಅಪ್ಪನದು, ಆಮೇಲೆ ಗಂಡನದು. ಅಡ್ಡಹೆಸರೂ ಬದಲು, ಕೆಲವು ಮನೆಗಳಲ್ಲಿ ಹುಟ್ಟುಹೆಸರೂ ಬದಲು. ನಮ್ಮ ಅವ್ವಂದು ಮೂರೂ ಬದಲಾದವು. ತವರಿನ ಹೊಲದ ಸಾತಬಾರಾದಲ್ಲಿ ವಾರಸುದಾರಳೆಂದು ಹೆಸರು ಹಚ್ಚುವಾಗ, ಆಕೀನೇ ಈಕಿ ಅಂತ ತೋರಿಸಲಿಕ್ಕೆ ಪ್ರತಿಜ್ಞಾಪತ್ರ ಮಾಡಿಸಬೇಕಾಯಿತು. 2005ರ ತಿದ್ದುಪಡಿ ಹಿಂದೂ ಮನೆತನದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿದೆ. ಆದರೆ ಕಾಗದದಾಗ ಹೆಸರು ಹೊಂದದಿದ್ದರೆ ಆ ಹಕ್ಕು ಕೈಗೆ ಬರಲಿಕ್ಕೆ ತಡ ಆಗ್ತದ.

ತಾಯಿಯ ಹೆಸರಿನಿಂದ ಗುರುತಿಸಿಕೊಳ್ಳುವುದು ನಮಗೆ ಹೊಸದೇನಲ್ಲ. ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ 1944ರಿಂದ 1956ರ ತನಕ ಕನ್ನಡ ಕಲಿಸಿದ ದ.ರಾ. ಬೇಂದ್ರೆಯವರನ್ನೇ ನೋಡ್ರಿ. ಅವರ ‘ರಾ’ ತಂದೆ ರಾಮಚಂದ್ರರದು. ಕವಿತೆಗೆ ಇಟ್ಟುಕೊಂಡ ಹೆಸರು ಅಂಬಿಕಾತನಯದತ್ತ, ಅಂದರೆ ಅಂಬಿಕೆಯ ಮಗ ದತ್ತ. ಕಾಗದದಾಗ ಅಪ್ಪ, ಕವಿತೆಯೊಳಗ ಅವ್ವ.

ಈಗ ಕಾಗದಕ್ಕೂ ಅವ್ವನ ಹೆಸರು ಬಂದಿದೆ. 2024ರ ಮೇ 1ರಿಂದ ಹುಟ್ಟಿದ ಮಕ್ಕಳ ಹೆಸರನ್ನು ಮಗು, ತಾಯಿ, ತಂದೆ, ಅಡ್ಡಹೆಸರು ಎಂಬ ಸಾಲಿನಲ್ಲಿ ಬರೆಯಬೇಕೆಂದು ಮಹಾರಾಷ್ಟ್ರ ಸರಕಾರ ಗೊತ್ತುಮಾಡಿದೆ. ಲಗ್ನವಾದವರಿಗೆ ಗಂಡನ ಹೆಸರಿನ ಹಳೆಯ ಪದ್ಧತಿಯೇ ಮುಂದುವರಿದಿದೆ. ಆಸ್ತಿಯ ದಸ್ತಾವೇಜಿನಲ್ಲಿ ಮಾತ್ರ ಲಗ್ನಕ್ಕಿಂತ ಮೊದಲಿನ ಹೆಸರು ಬರೆಸಲು ಅವಕಾಶವಿದೆ. ತವರಿನ ಪಾಲು ಬರಬೇಕಾದ ಅಕ್ಕತಂಗಿಯರು ಇದನ್ನು ತಿಳಿದಿರಬೇಕು.

ಅಷ್ಟರೊಳಗ ಒಂದು ಕೆಲಸ ಮಾಡ್ರಿ. ಮನೆಯ ಹಿರಿಯ ಹೆಣ್ಣುಮಕ್ಕಳ ಹುಟ್ಟುಹೆಸರು, ಅವರ ಅವ್ವ-ಅಪ್ಪನ ಹೆಸರು, ತವರಿನ ಅಡ್ಡಹೆಸರು ಕೇಳಿ ಒಂದು ವಹಿಯಾಗ ಬರೆದಿಡ್ರಿ. ಕಚೇರಿಗೂ ಬೇಕಾಗ್ತದ, ಮೊಮ್ಮಕ್ಕಳಿಗೂ ಬೇಕಾಗ್ತದ.