ಖಾಲಿ ಡಿಸ್ಕು ಖಾಲಿಯಲ್ಲ

ಮಗಳ ಮದುವೆಯ ಚಿತ್ರಗಳನ್ನೋ ಅಜ್ಜಿಯ ಬಾಯಿಂದ ಕೇಳಿ ಹಿಡಿದಿಟ್ಟ ಹಸೆಯ ಹಾಡುಗಳನ್ನೋ ಡಿಸ್ಕಿಗೆ ಇಳಿಸಬೇಕೆಂದು ತಾವು ಕಂಪ್ಯೂಟರಿನ ಮುಂದೆ ಕುಳಿತಿದ್ದೀರಿ. ಅಂಗಡಿಯಿಂದ ತಂದ ಹೊಸ ಡಿಸ್ಕನ್ನು ಒಳಗಿಟ್ಟದ್ದೂ ಆಯಿತು. ಯಂತ್ರವು ಸ್ವಲ್ಪ ಹೊತ್ತು ಗುರುಗುಟ್ಟಿ, ಖಾಲಿ ಡಿಸ್ಕನ್ನು ಹಾಕಿರೆಂದು ತಿಳಿಸುತ್ತದೆ. ಹಾಕಿರುವುದು ಖಾಲಿ ಡಿಸ್ಕೇ ಅಲ್ಲವೆ! ಹಳೆಯ ಡಿಸ್ಕುಗಳನ್ನು ಸೊಗಸಾಗಿ ಓದುವ ಯಂತ್ರವು ಬರೆಯಲು ಮಾತ್ರ ಒಲ್ಲೆನೆನ್ನುವುದೇಕೆ? ಇದಕ್ಕೆ ಉತ್ತರ ಡಿಸ್ಕಿನ ಚರಿತ್ರೆಯಲ್ಲಿದೆ.

ಹಾಲೆಂಡಿನ ಫಿಲಿಪ್ಸ್ ಮತ್ತು ಜಪಾನಿನ ಸೋನಿ ಕಂಪೆನಿಗಳು ಕೂಡಿ ರೂಪಿಸಿದ ಸಿ.ಡಿ. 1982ರಲ್ಲಿ ಮಾರಾಟಕ್ಕೆ ಬಂದಿತು. 12 ಸೆಂಟಿಮೀಟರ್ ಅಗಲದ ಆ ತಟ್ಟೆಯಲ್ಲಿ ಸಂಗೀತವೆಲ್ಲ ಸೂಕ್ಷ್ಮವಾದ ಕುಳಿಗಳ ರೂಪದಲ್ಲಿರುತ್ತಿತ್ತು. ಕುಳಿಗಳನ್ನು ಒತ್ತುತ್ತಿದ್ದುದು ಕಾರ್ಖಾನೆಯ ಅಚ್ಚು. ಗ್ರಾಮಫೋನ್ ಪ್ಲೇಟಿನಂತೆ ಇಲ್ಲಿಯೂ ಮನೆಯವರಿಗೆ ಕೇಳುವ ಭಾಗ್ಯವಿತ್ತೇ ಹೊರತು ಬರೆಯುವ ಭಾಗ್ಯವಿರಲಿಲ್ಲ.

1988ರಲ್ಲಿ ಜಪಾನಿನ ತೈಯೊ ಯೂಡೆನ್ ಕಂಪೆನಿಯು ಇದಕ್ಕೊಂದು ದಾರಿ ತೋರಿಸಿತು. ತಟ್ಟೆಯೊಳಗೆ ಬಣ್ಣದ ತೆಳುವಾದ ಪದರವನ್ನಿಟ್ಟು, ಪ್ರಬಲವಾದ ಲೇಸರ್ ಕಿರಣದಿಂದ ಅದನ್ನು ಅಲ್ಲಲ್ಲಿ ಸುಟ್ಟರೆ ಕುಳಿಗಳನ್ನು ಹೋಲುವ ಗುರುತುಗಳು ಮೂಡುತ್ತವೆ. 1990ರಲ್ಲಿ ‘ಆರೆಂಜ್ ಬುಕ್’ ಎಂಬ ನಿಯಮಾವಳಿ ಇದಕ್ಕೆ ಚೌಕಟ್ಟನ್ನು ಹಾಕಿತು.

ಇಲ್ಲಿಯೇ ಒಂದು ಸ್ವಾರಸ್ಯವಿದೆ. ನಾವು ಖಾಲಿಯೆನ್ನುವ ಈ ಡಿಸ್ಕು ನಿಜವಾಗಿ ಖಾಲಿಯಲ್ಲ. ಅದರಲ್ಲಿ ಅಲೆಯಲೆಯಾದ ಗೆರೆಯೊಂದನ್ನು ಮೊದಲೇ ಕೊರೆದಿರುತ್ತಾರೆ. ಎಷ್ಟು ನಿಮಿಷದ ಡಿಸ್ಕು, ಕಿರಣಕ್ಕೆ ಎಷ್ಟು ಬಲವಿರಬೇಕು ಎಂಬ ಸೂಚನೆಗಳೆಲ್ಲ ಆ ಅಲೆಯಲ್ಲಿ ಅಡಗಿವೆ. ಯಂತ್ರವು ಮೊದಲು ಅದನ್ನು ಓದುತ್ತದೆ. ಬಳಿಕ, ಹಾಡುಗಾರನು ಕಛೇರಿಗೆ ಮುನ್ನ ಶ್ರುತಿ ಸೇರಿಸುವಂತೆ, ಡಿಸ್ಕಿನ ಒಳಅಂಚಿನಲ್ಲಿ ಸ್ವಲ್ಪ ಬರೆದು ಕಿರಣದ ಬಲವನ್ನು ಪರೀಕ್ಷಿಸುತ್ತದೆ. ಶ್ರುತಿ ಕೂಡದಿದ್ದರೆ ಬರೆಯಲೊಪ್ಪದು.

ಮುಂದೆ ಡಿ.ವಿ.ಡಿ. ಬಂದಾಗ ತಯಾರಕರಲ್ಲಿಯೇ ಒಡಕು ಮೂಡಿತು. 1997ರಲ್ಲಿ ಪಯೊನಿಯರ್ ಕಂಪೆನಿಯದು ‘ಮೈನಸ್ ಆರ್’. 2002ರಲ್ಲಿ ಎದುರು ಪಕ್ಷದ್ದು ‘ಪ್ಲಸ್ ಆರ್’. ನೋಡಲು ಎರಡೂ ಅವಳಿ ಮಕ್ಕಳು. ಆದರೆ ಮೊದಮೊದಲಿನ ಯಂತ್ರಗಳು ಒಂದಕ್ಕೆ ಬರೆದರೆ ಮತ್ತೊಂದಕ್ಕೆ ಬರೆಯುತ್ತಿರಲಿಲ್ಲ. ಎರಡಕ್ಕೂ ಬರೆಯುವ ಯಂತ್ರಗಳು ಆಮೇಲೆ ಬಂದವು. ಇದು ಸಾಲದೆಂಬಂತೆ, 2001ರ ವಿಂಡೋಸ್ ಎಕ್ಸ್‌ಪಿಯು ತಾನಾಗಿ ಸಿ.ಡಿ.ಗೆ ಬರೆಯುತ್ತಿತ್ತು, ಡಿ.ವಿ.ಡಿ.ಗಾದರೆ ಬೇರೊಂದು ಸಾಫ್ಟ್‌ವೇರ್ ಬೇಕಾಗುತ್ತಿತ್ತು.

ಆದುದರಿಂದ ಯಂತ್ರವನ್ನು ಶಪಿಸುವ ಮೊದಲು ಕ್ರಮವಾಗಿ ನೋಡಿರಿ. ಡಿಸ್ಕಿನ ಮೇಲಿನ ಹೆಸರೂ ಯಂತ್ರದ ಮುಖದ ಮೇಲಿನ ಗುರುತೂ ಹೊಂದುತ್ತವೆಯೆ? ಸಿ.ಡಿ. ಮಾತ್ರ ಬರೆಯುವ ಯಂತ್ರಕ್ಕೆ ಡಿ.ವಿ.ಡಿ. ಹಾಕಿಲ್ಲವಷ್ಟೆ? ಬೇರೆ ಕಂಪೆನಿಯ ಡಿಸ್ಕೊಂದನ್ನು ತಂದು, ವೇಗವನ್ನು ತಗ್ಗಿಸಿ ಬರೆದು ನೋಡಿರಿ. ಬರೆಯುವ ಸಾಫ್ಟ್‌ವೇರುಗಳು ಎರಡು ಮೂರಿದ್ದರೆ ಒಂದನ್ನುಳಿಸಿ ಮಿಕ್ಕವನ್ನು ತೆಗೆಯಿರಿ. ಅವು ಒಂದಕ್ಕೊಂದು ಅಡ್ಡ ಬರುವುದುಂಟು. ಇಷ್ಟಾದರೂ ಓದುವ ಯಂತ್ರ ಬರೆಯದಿದ್ದರೆ ಅದರ ಲೇಸರ್ ಸೊರಗಿರಬಹುದು. ಓದುವುದಕ್ಕಿಂತ ಬರೆಯುವುದಕ್ಕೆ ಅನೇಕ ಪಟ್ಟು ಬಲ ಬೇಕು.

ಕೊನೆಗೊಂದು ಮಾತು. ಈ ಡಿಸ್ಕುಗಳ ಬಣ್ಣ ಬಿಸಿಲಿಗೂ ಸೆಕೆಗೂ ಮಾಸುತ್ತದೆ. ಡಿಸ್ಕಿನ ಬಾಯಿಯಿಲ್ಲದ ಕಂಪ್ಯೂಟರುಗಳೇ ಈಗ ಹೆಚ್ಚು. ಬರೆಯುವ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು ಸೋನಿಯೇ 2025ರಲ್ಲಿ ನಿಲ್ಲಿಸಿತು. ಬರೆಯದ ಡಿಸ್ಕಿನಿಂದ ನಷ್ಟವಾಗುವುದು ಕೆಲವು ರೂಪಾಯಿ. ಓದಲಾರದ ಡಿಸ್ಕಿನೊಡನೆ ಹೋಗುವುದು ಅಜ್ಜಿಯ ಕಂಠ. ಕಪಾಟಿನಲ್ಲಿರುವ ಹಳೆಯ ಡಿಸ್ಕುಗಳನ್ನು, ಓದುವ ಯಂತ್ರ ಕೈಗೆ ಸಿಗುವಾಗಲೇ, ಎರಡು ಕಡೆ ನಕಲು ಮಾಡಿಡಿರಿ.