ಸರ್ಪಗಂಧಿಯ ಬೇರು: ಒಂದು ಔಷಧದ ಇತಿಹಾಸ

ನಾಟಿ ಮದ್ದಿನ ಮಾತು ಬಂದಾಗ ನಮ್ಮಲ್ಲಿ ಎರಡು ಪಕ್ಷಗಳು ಏಳುವುದು ವಾಡಿಕೆ. ಹಿರಿಯರು ಹೇಳಿದುದೆಲ್ಲವೂ ಸತ್ಯ, ಅದನ್ನು ಪರೀಕ್ಷೆಗೆ ಒಡ್ಡುವುದೇ ಅಪಚಾರ ಎಂಬುದು ಒಂದು ಪಕ್ಷ. ಪ್ರಯೋಗಶಾಲೆಯಲ್ಲಿ ಹುಟ್ಟದ ಮದ್ದೆಲ್ಲವೂ ಮೂಢನಂಬಿಕೆ ಎಂಬುದು ಇನ್ನೊಂದು. ಈ ಎರಡಕ್ಕೂ ಉತ್ತರ ಕೊಡಬಲ್ಲ ಸಣ್ಣ ಗಿಡವೊಂದು ಪಶ್ಚಿಮಘಟ್ಟದ ತಪ್ಪಲಿನ ಕಾಡುಗಳಲ್ಲಿಯೇ ಉಂಟು. ಅದು ಸರ್ಪಗಂಧಿ, ಸೂತ್ರನಾಭಿ ಎಂದೂ ಅದನ್ನು ಕರೆಯುವರು. ಅದರ ಬೇರಿನ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

ಸರ್ಪಗಂಧಿಯು ಕಣಗಿಲೆಯ ಕುಟುಂಬಕ್ಕೆ ಸೇರಿದ ಸಸ್ಯ. ತೇವವೂ ನೆರಳೂ ಇರುವಲ್ಲಿ ಎರಡು ಮೂರು ಅಡಿ ಎತ್ತರಕ್ಕೆ ಬೆಳೆಯುತ್ತದೆ. ಎಲೆಗಳು ಕಾಂಡದ ಸುತ್ತ ಸಾಮಾನ್ಯವಾಗಿ ಮೂರು ಮೂರಾಗಿ ನಿಲ್ಲುತ್ತವೆ. ಬಿಳಿಯ ಹೂವಿಗೆ ಕೆಂಪು ತೊಟ್ಟು. ಮಾಗಿದ ಹಣ್ಣಿಗೆ ಕಪ್ಪು ಬಣ್ಣ. ಬೇರು ಬಲು ಕಹಿ. ಔಷಧದ ಗುಣವಿರುವುದು ಮುಖ್ಯವಾಗಿ ಆ ಬೇರಿನಲ್ಲಿ.

ಪ್ರಾಚೀನ ಆಯುರ್ವೇದ ಗ್ರಂಥಗಳಲ್ಲಿ ಸರ್ಪಗಂಧಾ ಎಂಬ ಹೆಸರು ವಿಷಚಿಕಿತ್ಸೆಯ ಪ್ರಸಂಗದಲ್ಲಿ ಬರುತ್ತದೆ. ಅದು ಇದೇ ಗಿಡವೇ ಎಂಬ ವಿಷಯದಲ್ಲಿ ಪಂಡಿತರಿಗೆ ಏಕಾಭಿಪ್ರಾಯವಿಲ್ಲ. ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ ಎಂಬವನು 1563ರಲ್ಲಿ ಗೋವೆಯಲ್ಲಿ ಅಚ್ಚುಹಾಕಿಸಿದ ಗ್ರಂಥದಲ್ಲಿ ‘ಹಾವಿನ ಮರ’ಗಳ ವಿಷಯವನ್ನು ಹೇಳಿದ್ದಾನೆ, ಅವುಗಳಲ್ಲೊಂದು ಸರ್ಪಗಂಧಿಯೆಂದು ವಿದ್ವಾಂಸರ ಊಹೆ. ಮಲಬಾರಿನ ಸಸ್ಯಗಳನ್ನು ಕುರಿತು ಡಚ್ ಅಧಿಕಾರಿ ವಾನ್ ರೀಡೆಯು 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಪ್ರಕಟಿಸಿದ ‘ಹೋರ್ತುಸ್ ಮಲಬಾರಿಕುಸ್’ ಗ್ರಂಥದಲ್ಲಿ ಈ ಗಿಡವು ‘ಚುವನ್ನ ಅಮಲ್ಪೊಡಿ’ ಎಂಬ ಮಲೆಯಾಳ ಹೆಸರಿನಿಂದ ಸ್ಥಾನ ಪಡೆದಿದೆ. ಆ ಮಹಾಕಾರ್ಯದಲ್ಲಿ ಇಟ್ಟಿ ಅಚ್ಯುತನ್ ಮೊದಲಾದ ದೇಶೀಯ ವೈದ್ಯರ ನೆರವು ಇದ್ದಿತೆಂಬುದು ಸ್ಮರಣೀಯ. ಮುಂಗುಸಿಯು ನಾಗರಹಾವಿನೊಡನೆ ಕಾದಾಡುವ ಮುನ್ನ ಈ ಗಿಡವನ್ನು ತಿನ್ನುವುದೆಂಬ ಕಥೆಯೂ ಯುರೋಪಿನವರ ಬರೆಹಗಳಿಗೆ ಸೇರಿತು. ಶಾಸ್ತ್ರೀಯ ಹೆಸರಾದ ‘ರಾವೋಲ್ಫಿಯಾ’ ಎಂಬುದನ್ನು 1703ರಲ್ಲಿ ಈ ಜಾತಿಯ ಅಮೆರಿಕದ ಗಿಡಗಳಿಗೆ ಇಟ್ಟವನು ಫ್ರಾನ್ಸಿನ ಪ್ಲೂಮಿಯೇ. ಅದು ಹದಿನಾರನೆಯ ಶತಮಾನದ ಜರ್ಮನ್ ವೈದ್ಯ ರಾವೋಲ್ಫನ ನೆನಪಿಗಾಗಿ ಇಟ್ಟ ಹೆಸರು.

ಹಾವಿನ ವಿಷಕ್ಕೆ ಮದ್ದೆಂಬುದು ಒಂದು ನಂಬಿಕೆಯಾದರೆ, ಬಿಹಾರ ಮೊದಲಾದ ಪ್ರಾಂತಗಳ ಜನರಲ್ಲಿ ಬೇರೊಂದು ಬಳಕೆ ಇದ್ದಿತು. ಅಲ್ಲಿ ಇದು ‘ಹುಚ್ಚಿನ ಮದ್ದು’. ಉನ್ಮಾದದಿಂದ ಕೂಗಾಡುವವರನ್ನು ಶಾಂತಗೊಳಿಸಲೂ ನಿದ್ದೆ ಬರಿಸಲೂ ಇದರ ಬೇರನ್ನು ಕೊಡುತ್ತಿದ್ದರು. ಹೀಗೆ ಒಂದೇ ಬೇರಿನ ಮೇಲೆ ಪರಂಪರೆಯು ಎರಡು ಮಾತುಗಳನ್ನು ಹೇಳಿತ್ತು. ಎರಡರಲ್ಲಿ ಯಾವುದು ನಿಜ? ಇದಕ್ಕೆ ಉತ್ತರ ದೊರೆತುದು ಇಪ್ಪತ್ತನೆಯ ಶತಮಾನದಲ್ಲಿ.

1931ನೆಯ ಇಸವಿ ಈ ಚರಿತ್ರೆಯಲ್ಲಿ ಮಹತ್ವದ್ದು. ಆ ವರ್ಷ ಆಯುರ್ವೇದ ಪಂಡಿತರಾದ ಗಣನಾಥ ಸೇನರೂ ಡಾಕ್ಟರ್ ಕಾರ್ತಿಕಚಂದ್ರ ಬೋಸರೂ ಕೂಡಿ, ಈ ಬೇರು ಉನ್ಮಾದವನ್ನು ಮಾತ್ರವಲ್ಲದೆ ರಕ್ತದೊತ್ತಡವನ್ನೂ ಇಳಿಸುವುದೆಂದು ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ರಕ್ತದೊತ್ತಡವೆಂಬುದು ಅಳತೆಯ ಉಪಕರಣವಿಲ್ಲದೆ ಕಾಣದ ವಸ್ತು. ಹಳೆಯ ವೈದ್ಯರಿಗೆ ಅದು ತಿಳಿಯುವಂತೆಯೇ ಇರಲಿಲ್ಲ. ಹಳೆಯ ಬೇರಿಗೆ ಹೊಸ ಅಳತೆಗೋಲು ಸೇರಿದಾಗ ಹೊಸ ಗುಣವೊಂದು ಬೆಳಕಿಗೆ ಬಂದಿತು. ಅದೇ ವರ್ಷ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಮತ್ತು ರಫತ್ ಹುಸೇನ್ ಸಿದ್ದೀಕಿ ಅವರು ಬೇರಿನಿಂದ ಹಲವು ಕ್ಷಾರಸತ್ವಗಳನ್ನು ಬೇರ್ಪಡಿಸಿದರು. ಆ ಸಂಶೋಧನೆಗೆ ಪ್ರೇರಕರಾಗಿದ್ದ ಹಕೀಮ್ ಅಜ್ಮಲ್ ಖಾನರು 1927ರಲ್ಲಿ ತೀರಿಕೊಂಡಿದ್ದರು. ಒಂದು ಸತ್ವಕ್ಕೆ ಅವರ ಹೆಸರಿನಿಂದಲೇ ‘ಅಜ್ಮಲೀನ್’ ಎಂದು ಹೆಸರಿಟ್ಟರು. ಹೃದಯದ ಬಡಿತದ ಒಂದು ಬಗೆಯ ದೋಷವನ್ನು ಪತ್ತೆಹಚ್ಚುವ ಪರೀಕ್ಷೆಯಲ್ಲಿ ಅದು ಇಂದಿಗೂ ಉಪಯೋಗದಲ್ಲಿದೆ.

ಮುಂದೆ ಕಲಕತ್ತೆಯಲ್ಲಿ ರಾಮನಾಥ ಚೋಪ್ರಾ ಅವರೂ ಸಂಗಡಿಗರೂ ಈ ಸತ್ವಗಳ ಪರಿಣಾಮವನ್ನು ಅಭ್ಯಸಿಸಿದರು. ಮುಂಬಯಿಯ ಹೃದ್ರೋಗ ತಜ್ಞ ರುಸ್ತುಮ್ ಜಾಲ್ ವಕೀಲರು ರಕ್ತದೊತ್ತಡದ 50 ಮಂದಿ ರೋಗಿಗಳಿಗೆ ಮದ್ದು ಕೊಟ್ಟು, ಒತ್ತಡವನ್ನು ಕ್ರಮವಾಗಿ ಅಳೆದು, 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಭಾರತದಲ್ಲಿ ಹದಿನೆಂಟು ವರ್ಷಗಳಿಂದ ತಿಳಿದಿದ್ದ ಸಂಗತಿಯ ಕಡೆಗೆ ಹೊರಗಿನ ಲೋಕವು ಕಣ್ಣು ತೆರೆದುದು ಆಗ. 1952ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸಿಬಾ ಸಂಸ್ಥೆಯ ಮುಲ್ಲರ್, ಶ್ಲಿಟ್ಲರ್, ಬೈನ್ ಎಂಬವರು ಬೇರಿನ ಮುಖ್ಯ ಸತ್ವವಾದ ‘ರಿಸರ್ಪೀನ್’ ಎಂಬುದನ್ನು ಶುದ್ಧರೂಪದಲ್ಲಿ ಪಡೆದರು. 1954ರಲ್ಲಿ ನ್ಯೂಯಾರ್ಕಿನ ನೇಥನ್ ಕ್ಲೈನ್ ಅದನ್ನು ಮನೋರೋಗಿಗಳಿಗೆ ಕೊಟ್ಟು ಫಲವನ್ನು ವರದಿ ಮಾಡಿದರು. ಬಿಹಾರದ ಹಳ್ಳಿಯ ಮಾತಿಗೆ ಹೀಗೆ ಆಸ್ಪತ್ರೆಯ ಆಧಾರ ಸಿಕ್ಕಿತು. ವಕೀಲರಿಗೂ ಕ್ಲೈನರಿಗೂ 1957ರಲ್ಲಿ ಅಮೆರಿಕದ ಲಾಸ್ಕರ್ ಪ್ರಶಸ್ತಿ ದೊರೆಯಿತು.

ರಿಸರ್ಪೀನ್ ಕೆಲಸ ಮಾಡುವ ಬಗೆಯನ್ನು ಸ್ಥೂಲವಾಗಿ ಹೀಗೆ ತಿಳಿಯಬಹುದು. ನರದ ತುದಿಗಳಲ್ಲಿ ಸಂದೇಶವನ್ನು ಒಯ್ಯುವ ಕೆಲವು ರಾಸಾಯನಿಕಗಳು ಸಂಗ್ರಹವಾಗಿರುತ್ತವೆ. ರಿಸರ್ಪೀನ್ ಆ ಉಗ್ರಾಣವನ್ನು ಬರಿದುಮಾಡುತ್ತದೆ. ಆಗ ರಕ್ತನಾಳಗಳ ಬಿಗಿತ ಸಡಿಲಿ ಒತ್ತಡ ಇಳಿಯುತ್ತದೆ. ಮನಸ್ಸಿನ ಉದ್ರೇಕವೂ ತಗ್ಗುತ್ತದೆ. 1957ರಲ್ಲಿ ಸ್ವೀಡನ್ನಿನ ಆರ್ವಿದ್ ಕಾರ್ಲ್ಸನ್ ಮತ್ತು ಸಂಗಡಿಗರು ರಿಸರ್ಪೀನ್ ಕೊಟ್ಟು ನಿಶ್ಚಲವಾಗಿಸಿದ ಮೊಲಗಳಿಗೆ ಎಲ್-ಡೋಪಾ ಎಂಬ ವಸ್ತುವನ್ನು ಕೊಟ್ಟಾಗ ಅವು ಮತ್ತೆ ಚಲಿಸಿದವು. ಕಂಪವಾತವನ್ನು ಹೋಲುವ ಪಾರ್ಕಿನ್ಸನ್ ರೋಗದ ಚಿಕಿತ್ಸೆಗೆ ಇದರಿಂದ ದಾರಿ ತೆರೆಯಿತು. ಕಾರ್ಲ್ಸನ್ನರು 2000ದಲ್ಲಿ ನೊಬೆಲ್ ಪಾರಿತೋಷಕದ ಭಾಗಿಗಳಾದರು.

ಎಲ್ಲಕ್ಕಿಂತ ಮಿಗಿಲಾದ ಪರೀಕ್ಷೆ ನಡೆದುದು ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ. ರಕ್ತದೊತ್ತಡವನ್ನು ಇಳಿಸುವುದರಿಂದ ಪ್ರಾಣ ಉಳಿಯುವುದೇ ಎಂಬ ಪ್ರಶ್ನೆಗೆ ಅಂದಿನ ವೈದ್ಯರಲ್ಲಿ ಖಚಿತವಾದ ಉತ್ತರವಿರಲಿಲ್ಲ. ಕೆಳಗಿನ ಅಂಕಿ 115ರಿಂದ 129ರವರೆಗೆ ಇದ್ದ 143 ಮಂದಿ ಗಂಡಸರನ್ನು ಎರಡು ಪಂಗಡಗಳಾಗಿ ವಿಂಗಡಿಸಿ, ಒಂದು ಪಂಗಡಕ್ಕೆ ರಿಸರ್ಪೀನ್ ಮತ್ತು ಬೇರೆ ಎರಡು ಮದ್ದುಗಳನ್ನೂ ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ ಹುಸಿಗುಳಿಗೆಗಳನ್ನೂ ಕೊಟ್ಟರು. 1967ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಹುಸಿಗುಳಿಗೆಯ ಪಂಗಡದಲ್ಲಿ 27 ಮಂದಿಗೆ ಘೋರವಾದ ತೊಂದರೆಗಳು ಸಂಭವಿಸಿದ್ದವು, ನಾಲ್ವರು ಮೃತರಾಗಿದ್ದರು. ಮದ್ದಿನ ಪಂಗಡದಲ್ಲಿ ತೊಂದರೆಗೊಳಗಾದವರು ಇಬ್ಬರೇ. ಸತ್ತವರು ಯಾರೂ ಇಲ್ಲ. ತೀವ್ರ ರಕ್ತದೊತ್ತಡಕ್ಕೆ ಮದ್ದು ಕೊಡಲೇಬೇಕೆಂಬ ಇಂದಿನ ನಿಯಮದ ಬುನಾದಿಯಲ್ಲಿ ನಮ್ಮ ನೆಲದ ಬೇರೊಂದರ ಸತ್ವವೂ ಸೇರಿದೆ.

ಆದರೆ ಅದೇ ಪರೀಕ್ಷಕ ದೃಷ್ಟಿಯು ಮದ್ದಿನ ದೋಷಗಳನ್ನೂ ಬಯಲಿಗೆಳೆಯಿತು. ಮೂಗು ಕಟ್ಟುವುದು, ಮಂಪರು, ಹೊಟ್ಟೆಯ ಹುಣ್ಣು ಇವು ಕಂಡುಬಂದವು. ಹೆಚ್ಚಿನ ಪ್ರಮಾಣದಲ್ಲಿ ತೆಗೆದುಕೊಂಡ ಕೆಲವರಲ್ಲಿ ತೀವ್ರವಾದ ವಿಷಾದವು ಆವರಿಸಿತೆಂದು 1950ರ ದಶಕದಲ್ಲಿಯೇ ವರದಿಗಳು ಬಂದವು. ಆ ಸಂಬಂಧವು ಎಷ್ಟು ಬಲವಾದುದೆಂಬುದನ್ನು ಮುಂದಿನ ವಿದ್ವಾಂಸರು ಪ್ರಶ್ನಿಸಿದ್ದಾರೆ. ಹೆಚ್ಚು ನಿರಪಾಯವಾದ ಔಷಧಗಳು ಬಂದಮೇಲೆ ರಿಸರ್ಪೀನ್ ಹಿಂದೆ ಸರಿಯಿತು. ಇಂದು ರಕ್ತದೊತ್ತಡಕ್ಕೆ ವೈದ್ಯರು ಮೊದಲು ಬರೆದುಕೊಡುವ ಮದ್ದುಗಳಲ್ಲಿ ಅದು ಇಲ್ಲ.

ಇನ್ನು ಹಾವಿನ ಮಾತು. ಗಿಡಕ್ಕೆ ಹೆಸರನ್ನೇ ತಂದುಕೊಟ್ಟ ಆ ನಂಬಿಕೆಗೆ ರೋಗಿಗಳ ಪರೀಕ್ಷೆಯಿಂದ ಆಧಾರ ದೊರೆಯಲಿಲ್ಲ. ನಾಗರಹಾವು ಕಚ್ಚಿದವನನ್ನು ಉಳಿಸುವುದು 1890ರ ದಶಕದಲ್ಲಿ ಫ್ರೆಂಚ್ ವೈದ್ಯ ಕಾಲ್ಮೆತ್ ಮೊದಲಾದವರು ರೂಪಿಸಿದ ಪ್ರತಿವಿಷದ ಚುಚ್ಚುಮದ್ದು. ಬೇರನ್ನು ಅರೆಯುತ್ತ ಕುಳಿತರೆ ಆಸ್ಪತ್ರೆಗೆ ಒಯ್ಯಬೇಕಾದ ಅಮೂಲ್ಯ ವೇಳೆ ಕಳೆದುಹೋಗುವುದು. ಒಂದೇ ಪರಂಪರೆ, ಒಂದೇ ಬೇರು. ಅದರ ಒಂದು ಮಾತು ನಿಂತಿತು, ಒಂದು ಬಿದ್ದಿತು. ಯಾವುದು ನಿಲ್ಲುವುದೆಂದು ಪರೀಕ್ಷಿಸುವ ಮುನ್ನ ಯಾರಿಗೂ ತಿಳಿಯುವಂತಿರಲಿಲ್ಲ.

ಬೇರಿಗಾಗಿ ಅಗೆದರೆ ಗಿಡವೇ ಹೋಗುತ್ತದೆ. ಲೋಕದ ಬೇಡಿಕೆ ಏರಿದಾಗ ನಮ್ಮ ಕಾಡುಗಳಲ್ಲಿ ಸರ್ಪಗಂಧಿಯು ವಿರಳವಾಯಿತು. ಇಂದು ಅದು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟ ಸಸ್ಯಗಳ ಪಟ್ಟಿಯಲ್ಲಿದೆ. ಆದಕಾರಣ ಶಾಲೆಯ ತೋಟದಲ್ಲಿ ಇದನ್ನು ಬೆಳೆಸಿ ಮಕ್ಕಳಿಗೆ ಗುರುತು ಮಾಡಿಸುವುದು ಉಪಾಧ್ಯಾಯರಿಗೆ ತಕ್ಕ ಕೆಲಸ. ಆದರೆ ಬೇರನ್ನು ಸ್ವಂತ ಬುದ್ಧಿಯಿಂದ ಮದ್ದಾಗಿ ಬಳಸಬಾರದೆಂಬುದನ್ನೂ ಹೇಳಬೇಕು. ಗಿಡದಿಂದ ಗಿಡಕ್ಕೆ ಸತ್ವದ ಪ್ರಮಾಣ ಬೇರೆಯಾಗುತ್ತದೆ, ಮತ್ತು ರಕ್ತದೊತ್ತಡದ ಗುಳಿಗೆ ನುಂಗುವವರು ಇದನ್ನೂ ಸೇವಿಸಿದರೆ ಒತ್ತಡ ಅಪಾಯಕರವಾಗಿ ಕುಸಿಯಬಹುದು. ಮನೆಯಲ್ಲಿ ಹಿರಿಯರು ನಾಟಿ ಮದ್ದನ್ನು ತೆಗೆದುಕೊಳ್ಳುತ್ತಿದ್ದರೆ ಅದನ್ನು ಡಾಕ್ಟರರಿಂದ ಮುಚ್ಚಿಡದೆ ತಿಳಿಸಬೇಕು. ಗಣನಾಥ ಸೇನರು ತಮ್ಮ ಬೇರನ್ನು ಅಳತೆಗೆ ಒಡ್ಡಲು ಹಿಂಜರಿಯಲಿಲ್ಲ. ವಕೀಲರು ನಾಟಿ ಬೇರೆಂದು ಅದನ್ನು ತಳ್ಳಿಹಾಕಲಿಲ್ಲ. ಈ ಇಬ್ಬರ ಮನೋಧರ್ಮವೂ ನಮ್ಮ ವಿದ್ಯಾರ್ಥಿಗಳಲ್ಲಿ ಕೂಡಿ ಬೆಳೆಯುವುದಾದರೆ, ಹಿರಿಯರ ಉಳಿದ ಮಾತುಗಳ ನಿಜಸುಳ್ಳುಗಳೂ ಒಂದೊಂದಾಗಿ ತಿಳಿದಾವು.